ದನಿ ಹೋದ ವರ್ಷ ಕೀಬೋರ್ಡು ಕಲಿತದ್ದು

ಕಮಲಾಪುರದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಿಂದ ಮುಂಜಾನೆ ಹೊರಟು, ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಒಂದು ಸಣ್ಣ ನಿದ್ದೆ ಮುಗಿಸಿ, ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಶಾಲೆಯ ಗೇಟು ಮುಟ್ಟುವುದು ಎಷ್ಟೋ ವರ್ಷಗಳ ರೂಢಿ. ಶಾಲೆಯ ಹಿಂದೆಯೇ ಹೆದ್ದಾರಿ. ಲಾರಿಗಳು ಒಂದರ ಬೆನ್ನಿಗೊಂದು ಹೋಗುತ್ತಲೇ ಇರುತ್ತವೆ. ಅಲ್ಲಿ ಪಾಠ ಹೇಳುವವರ ದನಿ ಲಾರಿಯ ಸದ್ದಿಗಿಂತ ಒಂದು ಕೈ ಮೇಲಿರಬೇಕು. ನನ್ನದು ಹಾಗೇ ಇತ್ತು. ನಾನು ಏಳನೇ ಇಯತ್ತೆಗೆ ಪದ್ಯ ಹೇಳಿದರೆ ಮೂರನೇ ಇಯತ್ತೆಯ ಮಕ್ಕಳಿಗೂ ಬಾಯಿಪಾಠವಾಗುತ್ತದೆ ಎಂದು ನಮ್ಮ ಹೆಡ್‌ಮಾಸ್ತರರು ನಗೆಯಾಡುತ್ತಿದ್ದರು.

ಮನೆಯಲ್ಲೂ ಆ ದನಿಗೆ ಕೆಲಸವಿತ್ತು. ನಮ್ಮ ಅತ್ತೆಗೆ ಕಿವಿ ಮಂದ. ನಮ್ಮನೆಯವರು ಕೋರ್ಟಿನಲ್ಲಿ ಗುಮಾಸ್ತರು, ಮೆತ್ತಗೆ ಮಾತನಾಡುವ ಮನುಷ್ಯ. ತಾಯಿಗೆ ಏನಾದರೂ ಹೇಳಬೇಕಾದರೆ ಅವರೂ ನನ್ನ ಕಡೆ ನೋಡುತ್ತಿದ್ದರು. ನಾನು ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದೆ, ಅತ್ತೆ ಪಡಸಾಲೆಯಿಂದ ಉತ್ತರ ಕೊಡುತ್ತಿದ್ದರು. ಓಣಿಯವರಿಗೆ ಇದು ಜಗಳದಂತೆ ಕೇಳಿಸುತ್ತಿತ್ತು. ನಮಗೆ ಅದು ಸಂಸಾರದ ಮಾತು.

ಹೀಗಿರುವಾಗ ಕುತ್ತಿಗೆಯ ಮುಂದೆ ಒಂದು ಸಣ್ಣ ಗಡ್ಡೆ ಕಾಣಿಸಿತು. ಥೈರಾಯ್ಡ್ ಗ್ರಂಥಿಯದು, ತೆಗೆಸುವುದು ಒಳ್ಳೆಯದು ಎಂದರು. ಆಪರೇಷನ್ನಿಗೆ ಮೊದಲೇ ಡಾಕ್ಟರು ಕೂರಿಸಿಕೊಂಡು ತಿಳಿಸಿ ಹೇಳಿದ್ದರು: ದನಿಯನ್ನು ಆಡಿಸುವ ನರ ಅದೇ ಜಾಗದಲ್ಲಿ ಹಾದು ಹೋಗುತ್ತದೆ, ಎಷ್ಟು ಜೋಪಾನ ಮಾಡಿದರೂ ಕೆಲವೊಮ್ಮೆ ಅದಕ್ಕೆ ಪೆಟ್ಟಾಗುತ್ತದೆ. ನಾನು ತಲೆಯಾಡಿಸಿದ್ದೆ. ಆ ಕೆಲವರಲ್ಲಿ ನಾನೂ ಒಬ್ಬಳಾಗಬಹುದು ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಎಚ್ಚರವಾದ ಮೇಲೆ ನೀರು ಕೇಳಲು ಬಾಯಿ ತೆರೆದೆ. ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. ತೂತು ಬಿದ್ದ ಸೈಕಲ್ ಟ್ಯೂಬಿನಿಂದ ಬಂದಂಥ ಒಂದು ಸದ್ದು. ನಮ್ಮನೆಯವರು ಏನೂ ಗೊತ್ತಾಗದೆ ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಡಾಕ್ಟರು ಬಂದು ಗಂಟಲಿನೊಳಗೆ ನೋಡಿ, ಒಂದು ಬದಿಯ ಸ್ವರತಂತು ಅಲುಗಾಡುತ್ತಿಲ್ಲ ಎಂದರು. ತಿಂಗಳುಗಳು ಬೇಕಾಗಬಹುದು, ಬಹಳ ಮಂದಿಗೆ ತಿರುಗಿ ಬರುತ್ತದೆ, ಬಂದರೂ ಮೊದಲಿನ ಹಾಗೇ ಇರುತ್ತದೆ ಎಂದು ಹೇಳಲಾಗದು. ಅಲ್ಲಿಯವರೆಗೆ ಒತ್ತಾಯ ಮಾಡಿ ಮಾತನಾಡಬಾರದು, ಪಿಸುಗುಟ್ಟುವುದೂ ಬೇಡ, ಅದರಿಂದ ಗಂಟಲಿಗೆ ಇನ್ನೂ ಆಯಾಸ.

ಗಾಯ ಬೇಗ ಮಾಗಿತು. ಆದರೆ ಮಾತಿಲ್ಲದ ಬದುಕು ಹೇಗಿರುತ್ತದೆ ಎಂಬುದು ಮನೆಗೆ ಬಂದ ಮೇಲೆಯೇ ತಿಳಿದದ್ದು. ಒಂದು ದಿನ ಜಗತ್ ಸರ್ಕಲ್ಲಿನಲ್ಲಿ ಔಷಧ ತೆಗೆದುಕೊಂಡು, ಆಟೋದವನಿಗೆ ‘ಖೂಬಾ ಪ್ಲಾಟ್’ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವನು ಕೈಬಾಯಿ ಆಡಿಸಿ, ದೊಡ್ಡ ದನಿಯಲ್ಲಿ, ಫಿಕರ್ ಮಾಡಬೇಡಿ ಕೂಡಿರಿ ಎಂದ. ಆಮೇಲೆ ಪಕ್ಕದ ಆಟೋದವನಿಗೆ, “ಪಾಪ, ಅಕ್ಕಾರಿಗಿ ಮಾತೂ ಇಲ್ಲ, ಕಿವೀನೂ ಇಲ್ಲ ಕಾಣಸ್ತದ” ಎಂದು ನನ್ನೆದುರಿಗೇ ಹೇಳಿದ. ಮನೆಯ ತನಕ ನನಗೆ ನಗುವೋ ಅಳುವೋ ಗೊತ್ತಾಗದ ಏನೋ ಒಂದು ಬರುತ್ತಲೇ ಇತ್ತು. ಎರಡಕ್ಕೂ ದನಿಯಿರಲಿಲ್ಲ.

ಅತ್ತೆಯದು ಬೇರೆಯೇ ಸಂಕಟ. ಆಪರೇಷನ್ ಆದದ್ದು ಅವರಿಗೆ ಗೊತ್ತಿತ್ತು. ಆದರೆ ದನಿ ಎಂಬುದು ಹೀಗೆ ಪೂರ್ತಿ ಹೋಗಬಲ್ಲದು ಎಂಬುದು ಅವರ ತಲೆಗೆ ಹೋಗಲಿಲ್ಲ. ನನ್ನ ತುಟಿ ಅಲುಗುವುದು ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ತಮ್ಮ ಕಿವಿಯೇ ಪೂರ್ತಿ ಹೋಯಿತೆಂದು ಒಂದು ದಿನ ಹೆದರುತ್ತಿದ್ದರು, ಇನ್ನೊಂದು ದಿನ ನನಗೆ ಸಿಟ್ಟು ಬಂದಿದೆ ಎನ್ನುತ್ತಿದ್ದರು. ಪಾಟಿಯ ಮೇಲೆ ಬರೆದು ತೋರಿಸಿದೆ. ಅವರು ನಾಲ್ಕನೇ ಇಯತ್ತೆಯವರೆಗೆ ಕನ್ನಡ ಓದಿದವರು. ಆದರೆ ಕಣ್ಣಿನಲ್ಲಿ ಪೊರೆ, ಒಂದು ಕಣ್ಣಿಗಷ್ಟೇ ಆಪರೇಷನ್ ಆಗಿತ್ತು. ಬಳಪದ ಗೆರೆ ಅವರಿಗೆ ಹೊಗೆಯಂತೆ ಕಾಣುತ್ತಿತ್ತು. ಒಂದು ಸಂಜೆ ಮಗನ ಮುಂದೆ, “ಆಕಿ ನನ್ನ ಜೋಡಿ ಮಾತು ಬಿಟ್ಟಾಳ” ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ನಾನು ಹಿಟ್ಟಿನ ಕೈಯಲ್ಲೇ ಬಂದು ಅವರ ಮುಂದೆ ನಿಂತೆ. ಹೇಳುವುದಕ್ಕೆ ಬಾಯಿ ಮಾತ್ರ ಇತ್ತು.

ರಜೆ ಮುಂದುವರಿಸುತ್ತಾ ಹೋದೆ. ನೌಕರಿ ಬಿಟ್ಟುಬಿಡೋಣ ಎಂಬ ಯೋಚನೆ ಬಂದದ್ದೂ ಆಗಲೇ. ದನಿಯಿಲ್ಲದ ಟೀಚರು ಎಂದರೆ ನೀರಿಲ್ಲದ ಬಾವಿ, ಇಟ್ಟುಕೊಂಡು ಏನು ಮಾಡುತ್ತಾರೆ? ಇದನ್ನು ಬರೆದು ತೋರಿಸಿದಾಗ ನಮ್ಮನೆಯವರು, “ರಾಜೀನಾಮಿ ಯಾವಾಗ ಬೇಕಾದ್ರೂ ಕೊಡಬಹುದು. ಅದಕ್ಕಿಂತ ಮೊದಲ ಕಂಪ್ಯೂಟರ್ ಕಲಿ. ಅಲ್ಲಿ ಬಾಯಿ ಬೇಕಾಗಂಗಿಲ್ಲ” ಎಂದರು. ಅವರ ಮನಸ್ಸಿನಲ್ಲಿದ್ದದ್ದು ಇಷ್ಟೇ: ನಾನು ಮನೆಯಲ್ಲಿ ಕುಳಿತು ಕೊರಗಬಾರದು. ಮುಂದೆ ಆದದ್ದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸ್ಟೇಶನ್ ಬಜಾರಿನಲ್ಲಿ ಒಂದು ಹೋಟೆಲಿನ ಮೇಲೆ ಆ ತರಬೇತಿ ಕೇಂದ್ರ. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಮಂಡಕ್ಕಿ ಸುಸಲಾ, ಮಿರ್ಚಿಯ ವಾಸನೆ ಜೊತೆಗೆ ಬರುತ್ತಿತ್ತು. ಹಿಂದೆ ಅದು ಟೈಪ್‌ರೈಟಿಂಗ್ ಶಾಲೆ. ಅದನ್ನು ನಡೆಸುತ್ತಿದ್ದವರ ಮಗಳೇ ಈಗ ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ. ‘ನಾನು ಶಾಲೆಯ ಟೀಚರು, ಗಂಟಲಿನ ಆಪರೇಷನ್ ಆಗಿದೆ, ಮಾತನಾಡಲು ಬರುವುದಿಲ್ಲ, ಕಲಿಯಬಹುದೇ’ ಎಂದು ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ. ಅವರು ಅದನ್ನು ಓದಿ ಮಡಚಿ ವಾಪಸು ಕೊಟ್ಟು, ಇಲ್ಲಿ ಎಲ್ಲರೂ ಸುಮ್ಮನೆ ಕುಳಿತೇ ಕೆಲಸ ಮಾಡುತ್ತಾರೆ, ಬನ್ನಿ ಟೀಚರ್ ಎಂದರು. ಅಯ್ಯೋ ಪಾಪ ಎನ್ನಲಿಲ್ಲ. ಅದಕ್ಕೇ ಅವತ್ತು ನಾನು ಅಲ್ಲಿ ಕುಳಿತೆ.

ಮೊದಲನೆಯ ಪಾಠ ಇನ್‌ಪುಟ್ ಮತ್ತು ಔಟ್‌ಪುಟ್. ಮೇಜಿನ ಮೇಲಿದ್ದದ್ದನ್ನೆಲ್ಲ ಅವರು ಒಂದೊಂದಾಗಿ ಮುಟ್ಟಿ ತೋರಿಸಿದರು. ಕೀಬೋರ್ಡು, ಮೌಸು, ಮೈಕು, ಕಾಗದದ ಚಿತ್ರ ತೆಗೆಯುವ ಸ್ಕ್ಯಾನರು ಇವು ಕಂಪ್ಯೂಟರಿಗೆ ಒಳಗೆ ಕೊಡುವಂಥವು. ಮಾನಿಟರು, ಪ್ರಿಂಟರು, ಸ್ಪೀಕರು, ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರು ಇವು ಅದರಿಂದ ಹೊರಗೆ ತರುವಂಥವು. ಹಿಟ್ಟಿನ ಗಿರಣಿಯಂತೆ ಎಂದರು. ಮೇಲೆ ಜೋಳ ಸುರಿಯುತ್ತೀರಿ, ಕೆಳಗೆ ಹಿಟ್ಟು ಬರುತ್ತದೆ. ಸುರಿಯುವ ಬಾಯಿ ಬೇರೆ, ಬೀಳುವ ಬಾಯಿ ಬೇರೆ, ನಡುವೆ ಬೀಸುವ ಕಲ್ಲು ಬೇರೆ.

ಅಷ್ಟರಲ್ಲಿ ಕಿಟಕಿಯಿಂದ ಸ್ಟೇಶನ್ನಿನ ಪ್ರಕಟಣೆ ಕೇಳಿಸಿತು. ಯಾವುದೋ ಗಾಡಿ ಯಾವುದೋ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಎಂದು ಹೆಣ್ಣು ದನಿಯೊಂದು ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳುತ್ತಿತ್ತು. ಮೇಡಂ ಬೆರಳೆತ್ತಿ ಅದನ್ನು ಕೇಳಲು ಹೇಳಿದರು.

“ಅಲ್ಲಿ ಆ ಹೆಣ್ಮಗಳು ಕುಂತಿಲ್ಲ ಟೀಚರ್. ಯಾರೋ ಗಾಡಿ ನಂಬರ್ ಒತ್ತ್ಯಾರ, ದನಿ ತಾನ ಹೊರಗ ಬಂದದ. ಒತ್ತಿದ್ದು ಇನ್‌ಪುಟ್. ನೀವು ಕೇಳಿದ್ದು ಔಟ್‌ಪುಟ್.”

ಆ ದನಿಯನ್ನು ನಾನು ಎಷ್ಟು ಸಾರಿ ಕೇಳಿದ್ದೆನೋ. ಒಳಗೆ ಒಬ್ಬ ಹೆಂಗಸು ಕುಳಿತು ಕೂಗುತ್ತಾಳೆ ಎಂದು ಯೋಚಿಸಿರಲಿಲ್ಲ, ಕುಳಿತಿಲ್ಲ ಎಂದೂ ಯೋಚಿಸಿರಲಿಲ್ಲ. ಅಂದು ಮಾತ್ರ ಪ್ರಕಟಣೆ ಮುಗಿದ ಮೇಲೂ ಕಿಟಕಿಯ ಕಡೆ ನೋಡುತ್ತಾ ಕುಳಿತೆ.

ಮೌಸು ನನ್ನನ್ನು ಬಹಳ ಕಾಡಿಸಿತು. ಕೈ ಬಲಕ್ಕೆ ಹೋದರೆ ಪರದೆಯ ಮೇಲಿನ ಬಾಣ ಮೂಲೆಗೆ ಓಡಿಹೋಗುತ್ತಿತ್ತು. ಮೇಜಿನ ಅಂಚು ಬಂತೆಂದರೆ ಮುಂದೆ ಹೇಗೆ ಸರಿಸುವುದು ತಿಳಿಯದೆ ಕೈ ಅಲ್ಲೇ ನಿಲ್ಲಿಸಿಕೊಂಡು ಕೂರುತ್ತಿದ್ದೆ. ಎತ್ತಿ ಹಿಂದಿಟ್ಟು ಮತ್ತೆ ಸರಿಸಬಹುದು ಎಂದು ಮೇಡಂ ತೋರಿಸಿದಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ತುಟಿ ಕಚ್ಚಿ ನಗು ತಡೆದರು. ಎರಡು ಸಾರಿ ಬೇಗಬೇಗ ಒತ್ತುವುದು ಬರಲೇ ಇಲ್ಲ. ನಾನು ಒತ್ತಿದ್ದು ಕಂಪ್ಯೂಟರಿಗೆ ಎರಡು ಬೇರೆ ಬೇರೆ ಮಾತಿನಂತೆ ಕೇಳಿಸುತ್ತಿತ್ತು.

ಕೀಬೋರ್ಡು ಹಾಗಲ್ಲ. ಅದು ನನ್ನ ಕೈಗೆ ಒಗ್ಗಿತು. ನಡುವಿನ ಸಾಲಿನಲ್ಲಿ ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಗೀರಿನಂಥ ಉಬ್ಬು ಇರುತ್ತದೆ. ತೋರುಬೆರಳುಗಳು ಅಲ್ಲಿ ಕುಳಿತರೆ ಉಳಿದ ಬೆರಳುಗಳಿಗೆ ತಮ್ಮ ತಮ್ಮ ಮನೆ ಸಿಗುತ್ತದೆ, ಕಣ್ಣು ಬೇಕಾಗುವುದಿಲ್ಲ. ಕನ್ನಡ ಟೈಪಿಂಗಿನಲ್ಲಿ ಒತ್ತಕ್ಷರ ಮಾಡುವುದೂ ಆ ಎಫ್ ಕೀಲಿಯಿಂದಲೇ. ಮ ಒತ್ತಿ, ಎಫ್ ಒತ್ತಿ, ಮತ್ತೆ ಮ ಒತ್ತಿದರೆ ಎರಡನೆಯ ಮ ಮೊದಲನೆಯದರ ಕಾಲ ಬಳಿ ಹೋಗಿ ಕೂರುತ್ತದೆ. ವರ್ಷಗಟ್ಟಲೆ ಮಕ್ಕಳಿಗೆ ಒತ್ತಕ್ಷರ ಕಲಿಸಿದವಳು ನಾನು. ‘ಅಮ್ಮ’ ಎಂಬ ಪದ ಪರದೆಯ ಮೇಲೆ ಸರಿಯಾಗಿ ಮೂಡಿದ ದಿನ ಒಂದನೇ ಇಯತ್ತೆಯ ಮಗುವಿನಂತೆ ಅದನ್ನೇ ಪುಟದ ತುಂಬ ಬರೆದೆ.

ಕೆಲವು ವಾರಗಳಲ್ಲಿ ಮೇಡಮ್ಮಿಗೂ ನನಗೂ ಪರದೆಯ ಮೇಲೆ ಮಾತು ಶುರುವಾಯಿತು. ಅವರು ಬಾಯಲ್ಲಿ ಕೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಶಾಲೆಯ ಸುದ್ದಿ, ಅತ್ತೆಯ ಸುದ್ದಿ, ಆಟೋದವನ ಸುದ್ದಿ. ಆಟೋದವನದನ್ನು ಓದಿ ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ಆಪರೇಷನ್ ಆದ ಮೇಲೆ ನನ್ನ ಮಾತಿಗೆ ಒಬ್ಬರು ನಕ್ಕದ್ದು ಅದೇ ಮೊದಲು.

ಒಂದು ದಿನ ನಾನು ಹೋಗುವಷ್ಟರಲ್ಲಿ ಅವರು ನನ್ನ ಕಂಪ್ಯೂಟರಿಗೆ ಸ್ಪೀಕರು ಜೋಡಿಸಿ, ಬರೆದದ್ದನ್ನು ಓದಿ ಹೇಳುವ ಒಂದು ಸಾಫ್ಟ್‌ವೇರ್ ಹಾಕಿಟ್ಟಿದ್ದರು. ಟೈಪು ಮಾಡಿ ನೋಡಿ ಎಂದರು. ‘ನಮಸ್ಕಾರ ಮೇಡಂ, ಊಟ ಆಯಿತೇ’ ಎಂದು ಬರೆದು ಅವರು ತೋರಿಸಿದ ಗುಂಡಿ ಒತ್ತಿದೆ. ಸ್ಪೀಕರಿನಿಂದ ತಗಡು ಉಜ್ಜಿದಂಥ ದನಿ ಬಂತು. ಹೆಣ್ಣಲ್ಲ, ಗಂಡಲ್ಲ. ಎಳೆಯಬೇಕಾದಲ್ಲಿ ಎಳೆಯದೆ, ನಿಲ್ಲಬಾರದ ಕಡೆ ನಿಂತು, ಊಟ ಆಯಿತೇ ಎನ್ನುವುದನ್ನು ಪೊಲೀಸರು ಕೇಳುವಂತೆ ಕೇಳಿತು. ಕೈಚಾಚಿ ಸ್ಪೀಕರು ಆರಿಸಿದೆ. ‘ಇದು ನನ್ನ ದನಿ ಅಲ್ಲ. ಇಂಥ ದನಿಯಲ್ಲಿ ಮಾತನಾಡುವುದಕ್ಕಿಂತ ಸುಮ್ಮನಿರುವುದು ವಾಸಿ’ ಎಂದು ಬರೆದೆ.

ಅವರು ಓದಿದರು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

“ಟೀಚರ್, ನಿಮ್ಮ ದನಿ ಹೆಂಗಿತ್ತು ಅನ್ನೋದು ನಂಗ ಗೊತ್ತಿಲ್ಲ. ನಾ ಕೇಳೇ ಇಲ್ಲ. ನಂಗ ಗೊತ್ತಿರೋದು ನಿಮ್ಮ ಮಾತು ಅಷ್ಟ. ಅವು ಭಾಳ ಚಂದ ಅವ. ದನಿ ಹೆಂಗರ ಇರಲಿ, ಮಾತು ಹೊರಗ ಬರಬೇಕಲ್ರಿ?”

ಆ ದಿನ ನಾನು ಒಪ್ಪಲಿಲ್ಲ. ಮೆಟ್ಟಿಲಿಳಿದು ಮನೆಗೆ ನಡೆದೇ ಹೋದೆ. ಆದರೆ ದಾರಿಯುದ್ದಕ್ಕೂ ಅವರ ಮಾತು ಜೊತೆಗೆ ನಡೆಯಿತು. ನನ್ನನ್ನು ಮೊದಲಿನಿಂದ ಬಲ್ಲವರೆಲ್ಲ ಹೋದದ್ದರ ಬಗ್ಗೆ ಮರುಗುತ್ತಿದ್ದರು. ಈಕೆ ಇರುವುದನ್ನು ಮಾತ್ರ ನೋಡಿದವಳು. ಮರುದಿನ ಹೋಗಿ ನಾನೇ ಸ್ಪೀಕರಿನ ಗುಂಡಿ ಹಾಕಿದೆ. ಮೇಡಂ ನೋಡಿದರೂ ನೋಡದವರಂತೆ ಬೇರೆಯವರ ಕಡೆ ಹೋದರು.

ನಮ್ಮನೆಯವರು ಹಳೆಯದೊಂದು ಕಂಪ್ಯೂಟರು ತಂದು ಪಡಸಾಲೆಯಲ್ಲಿ ಇಟ್ಟರು. ಸ್ಪೀಕರಿನ ದನಿ ಅತ್ತೆಗೆ ಉಪಯೋಗವಾಗಲಿಲ್ಲ. ಎಷ್ಟು ಜೋರು ಮಾಡಿದರೂ ಗುಂಯ್ ಎನ್ನುತ್ತದೆ ಎಂದರು. ಆಗ ಮಾನಿಟರಿನ ಮೇಲೆ ಅಕ್ಷರಗಳನ್ನು ದೊಡ್ಡದು ಮಾಡುತ್ತಾ ಹೋದೆ. ಒಂದು ಪರದೆಗೆ ನಾಲ್ಕೈದು ಪದ ಮಾತ್ರ ಹಿಡಿಯುವಷ್ಟು ದೊಡ್ಡದು. ಕಪ್ಪು ಹಿನ್ನೆಲೆ, ಹಳದಿ ಅಕ್ಷರ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಬರೆದೆ: ‘ಅತ್ತಿ, ಇವತ್ತ ಪಲ್ಯ ಏನ್ ಮಾಡ್ಲಿ?’

ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು. ಓದಿ ಮುಗಿದ ಮೇಲೂ ಬೆರಳು ಪರದೆಯ ಮೇಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು.

“ಪುಂಡಿಪಲ್ಯ ಮಾಡವಾ” ಎಂದರು. ಕಣ್ಣಲ್ಲಿ ನೀರು ಬಂದಿತ್ತು. “ನೀ ನನ್ನ ಮ್ಯಾಲ ಸಿಟ್ಟಾಗಿಲ್ಲಲ್ಲ?”

‘ಇಲ್ಲ’ ಎಂದು ಎರಡೇ ಅಕ್ಷರ, ಪರದೆಯ ತುಂಬ ಬರೆದೆ.

ಆಮೇಲೆ ನಮ್ಮ ಪಡಸಾಲೆಯಲ್ಲಿ ಮಾತು ಮತ್ತೆ ಶುರುವಾಯಿತು. ಅವರು ಹೇಳುವುದು, ನಾನು ಒತ್ತುವುದು. ಹಿಂದೆ ಅಡುಗೆಮನೆಯಿಂದ ಕೂಗುತ್ತಿದ್ದಾಗ ಕೆಲಸದ ಮಾತು ಮಾತ್ರ ಆಗುತ್ತಿತ್ತು. ಈಗ ಇಬ್ಬರೂ ಪಕ್ಕಪಕ್ಕ ಕೂರಬೇಕು. ಹಾಗೆ ಕುಳಿತಾಗ ಅವರು ತಮ್ಮ ಮದುವೆಯ ಕಥೆ, ತವರಿನ ಎಮ್ಮೆಯ ಕಥೆ, ತೀರಿಕೊಂಡ ತಂಗಿಯ ಕಥೆ ಹೇಳಿದರು. ಇವೊಂದೂ ನಾನು ಮೊದಲು ಕೇಳಿದ್ದಿಲ್ಲ. ನೆರೆಯವರು ಬಂದಾಗ ಅತ್ತೆ ಮಾನಿಟರು ತೋರಿಸಿ, ನನಗೆ ಕಿವಿ ಇಲ್ಲ, ಸೊಸೆಗೆ ದನಿ ಇಲ್ಲ, ಸಂಸಾರ ಈ ಪೆಟ್ಟಿಗೆ ನಡೆಸುತ್ತದೆ ಎಂದು ಹೇಳಿ ನಗುತ್ತಿದ್ದರು.

ರಜೆ ಮುಗಿಯುತ್ತಾ ಬಂತು. ದನಿ ಬಂದಿರಲಿಲ್ಲ. ನಾನು ಕಮಲಾಪುರಕ್ಕೆ ಹೋಗಿ ಹೆಡ್‌ಮಾಸ್ತರರ ಮುಂದೆ ಕುಳಿತೆ. ಒಳ್ಳೆಯ ಮನುಷ್ಯ. ಪಾಠ ಬೇಡ, ಆಫೀಸಿನ ಕೆಲಸ ನೋಡಿಕೊಳ್ಳಿ, ನಾನು ಮೇಲಿನವರಿಗೆ ಹೇಳುತ್ತೇನೆ ಎಂದರು. ಅದರಲ್ಲಿ ಕನಿಕರವಿತ್ತು, ನನಗೆ ಗೊತ್ತು. ನಮ್ಮ ಶಾಲೆಯ ಒಂದು ಕೋಣೆಯಲ್ಲಿ ಯಾರೋ ದಾನ ಕೊಟ್ಟ ಕಂಪ್ಯೂಟರು, ಪ್ರೊಜೆಕ್ಟರು ಬಟ್ಟೆ ಹೊದ್ದುಕೊಂಡು ಕುಳಿತಿದ್ದವು. ಕಲಿಸುವವರಿಲ್ಲ ಎಂದು ಕೋಣೆಗೆ ಬೀಗ. ಒಂದು ಪಾಠ ಮಾಡಲು ಬಿಡಿ, ಅದಾದ ಮೇಲೆ ನೀವು ಹೇಳಿದಂತೆ ಆಗಲಿ ಎಂದು ಬರೆದು ಕೊಟ್ಟೆ.

“ಮೇಡಂ, ಏಳನೇ ಇಯತ್ತೆ ಮಕ್ಕಳು. ನಿಮ್ಮ ದನಿ ಇದ್ದಾಗ ಅಂಜಿ ಕೂಡ್ತಿದ್ವು. ಈಗ ಹೆಂಗ್ ಕೂಡ್ತಾವ?” ಎಂದರು. ಆದರೂ ಬೀಗದ ಕೈ ಕೊಟ್ಟರು.

ಸ್ಟೇಶನ್ ಬಜಾರಿನ ಮೇಡಂ ಎರಡು ಸಂಜೆ ಕುಳಿತು ನನ್ನ ಜೊತೆ ಪಾಠ ತಯಾರು ಮಾಡಿಸಿದರು. ಪಾಠ ಅದೇ, ಇನ್‌ಪುಟ್ ಮತ್ತು ಔಟ್‌ಪುಟ್. ಯಾವ ವಾಕ್ಯದಲ್ಲಿ ಯಂತ್ರದ ದನಿ ತಪ್ಪು ಓದುತ್ತದೆ ಎಂದು ಕೇಳಿ ಕೇಳಿ ಪದ ಬದಲಿಸಿದೆವು. ಉದ್ದ ವಾಕ್ಯ ಬೇಡ, ಮಧ್ಯೆ ಮಧ್ಯೆ ಉಸಿರು ಬಿಡಲು ಜಾಗ ಬೇಕು. ಮನುಷ್ಯರ ಪಾಠದಲ್ಲೂ ಅದು ನಿಜವೆಂದು ಆಗ ಹೊಳೆಯಿತು.

ಆ ದಿನ ಸುಣ್ಣ ಬಳಿದ ಗೋಡೆಯ ಮೇಲೆ ಬೆಳಕು ಬಿತ್ತು. ಮಕ್ಕಳು ಒತ್ತೊತ್ತಾಗಿ ಕುಳಿತಿದ್ದವು. ಹೆಡ್‌ಮಾಸ್ತರರು ಬಾಗಿಲ ಬಳಿ ನಿಂತಿದ್ದರು. ನಾನು ಗುಂಡಿ ಒತ್ತಿದೆ. ‘ಮಕ್ಕಳೇ, ನಾನು ನಿಮ್ಮ ಟೀಚರ್’ ಎಂದು ತಗಡಿನ ದನಿ ಹೇಳಿತು. ಕೋಣೆ ಒಮ್ಮೆಲೇ ನಕ್ಕುಬಿಟ್ಟಿತು. ಹಿಂದಿನ ಸಾಲಿನವರು ಅದೇ ದನಿಯನ್ನು ಅಣಕಿಸಿದರು. ನಾನು ಕಾದೆ. ಮೊದಲಾಗಿದ್ದರೆ ಕೂಗುತ್ತಿದ್ದೆ. ಈಗ ನಿಧಾನವಾಗಿ, ಅವರೆಲ್ಲ ಗೋಡೆಯ ಮೇಲೆ ನೋಡುತ್ತಿರುವಂತೆಯೇ, ‘ನಕ್ಕು ಮುಗೀತಾ?’ ಎಂದು ಟೈಪು ಮಾಡಿ ಒತ್ತಿದೆ. ಯಂತ್ರ ಅದನ್ನೂ ಅಷ್ಟೇ ಗಂಭೀರವಾಗಿ ಕೇಳಿತು. ಮತ್ತೊಮ್ಮೆ ನಗು. ಆದರೆ ಈ ಸಲದ ನಗು ನನ್ನ ಜೊತೆಗಿತ್ತು. ಆಮೇಲೆ ಸದ್ದಡಗಿತು.

ಒಳಗೆ ಕೊಡುವಂಥದ್ದು, ಹೊರಗೆ ತರುವಂಥದ್ದು ಎಂದು ವಿವರಿಸಿ, ನೀವು ನೋಡಿದ್ದನ್ನು ಹೇಳಿ ಎಂದು ಕೇಳಿದೆ. ಬಸ್ಸಿನ ಕಂಡಕ್ಟರನ ಟಿಕೆಟ್ ಮಷಿನ್ನು ಮೊದಲು ಬಂತು. ಗುಂಡಿ ಇನ್‌ಪುಟ್, ಚೀಟಿ ಔಟ್‌ಪುಟ್. ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರ ಇನ್‌ಪುಟ್ ಎಂದಳು ಒಬ್ಬಳು, ನಮ್ಮ ಅಮ್ಮನ ಬೆರಳಿನ ಗೆರೆ ಸವೆದಿದ್ದಕ್ಕೆ ಅದು ಹಿಡಿಯುವುದಿಲ್ಲ ಎಂದೂ ಸೇರಿಸಿದಳು. ಮೊಬೈಲಿನ ಪರದೆಯ ವಿಷಯಕ್ಕೆ ಮಕ್ಕಳು ಎರಡು ಪಕ್ಷವಾದರು. ಒತ್ತುತ್ತೇವೆ, ಆದ್ದರಿಂದ ಇನ್‌ಪುಟ್ ಎಂದು ಅರ್ಧ ಜನ. ನೋಡುತ್ತೇವೆ, ಆದ್ದರಿಂದ ಔಟ್‌ಪುಟ್ ಎಂದು ಉಳಿದರ್ಧ. ‘ಎರಡೂ’ ಎಂದು ಟೈಪು ಮಾಡಲು ಬೆರಳು ಎತ್ತಿದೆ. ಕರೆಂಟು ಹೋಯಿತು.

ಗೋಡೆಯ ಮೇಲಿನ ಬೆಳಕು ಆರಿತು. ಫ್ಯಾನಿನ ಸದ್ದು ನಿಂತಿತು. ಸ್ಪೀಕರು ಸತ್ತಿತು. ಹೊರಗೆ ಲಾರಿಗಳು ಮಾತ್ರ. ನಾನು ಮಕ್ಕಳ ಮುಂದೆ ಬರಿಗೈಯಲ್ಲಿ ನಿಂತಿದ್ದೆ. ಬಾಗಿಲ ಬಳಿ ಹೆಡ್‌ಮಾಸ್ತರರು ತಲೆ ತಗ್ಗಿಸಿದ್ದು ಕಂಡಿತು. ಇಷ್ಟು ದಿನದ ಕಲಿಕೆಯೆಲ್ಲ ಒಂದು ತಂತಿಯ ತುದಿಯಲ್ಲಿ ನೇತಾಡುತ್ತಿತ್ತೇ ಅನ್ನಿಸಿತು.

ಏನೂ ತೋಚದೆ ಪಕ್ಕದ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೆ: ‘ಮೊಬೈಲಿನ ಪರದೆ ಎರಡೂ ಹೌದು.’ ಬರೆದು ತಿರುಗುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಅದನ್ನು ಗಟ್ಟಿಯಾಗಿ ಓದಿದರು. ಹೇಳಿಕೊಟ್ಟವರಿಲ್ಲ. ಗೋಡೆಯ ಮೇಲೆ ಬಂದದ್ದೆಲ್ಲ ದನಿಯಾಗಿ ಕೇಳಿಸುವುದು ಅವರಿಗೆ ಅಷ್ಟರಲ್ಲೇ ರೂಢಿಯಾಗಿತ್ತೋ ಏನೋ. ನಾನು ಮುಂದಿನ ವಾಕ್ಯ ಬರೆದೆ. ಈ ಸಲ ಹಿಂದಿನ ಸಾಲಿನವರೂ ಸೇರಿದರು. ಬರೆಯುವುದು ನಾನು, ಹೇಳುವುದು ಅವರು. ಪ್ರಶ್ನೆಯಾದರೆ ಪ್ರಶ್ನೆಯಂತೆ ಎಳೆದು, ಮೆಚ್ಚುಗೆಯಾದರೆ ಮೆಚ್ಚುಗೆಯಂತೆ. ಯಂತ್ರಕ್ಕೆ ಬರದ ಎಳೆತ, ಒತ್ತು, ಉಸಿರು ಎಲ್ಲ ಅದರಲ್ಲಿತ್ತು. ಕೋಣೆ ತುಂಬಿ ಕಿಟಕಿಯ ಹೊರಗೆ ಹೋಯಿತು ಆ ದನಿ. ಲಾರಿ ಕೇಳಿಸಲಿಲ್ಲ.

ಕೊನೆಗೆ ಒಬ್ಬ ಹುಡುಗಿ ಎದ್ದು, “ಟೀಚರ್, ನಿಮ್ದು ಸ್ಪೀಕರ್ ಅಷ್ಟ ಕೆಟ್ಟದ ಏನ್ರಿ? ಒಳಗಿಂದು ಛಲೋ ಅದ ಅಲ್ರಿ?” ಎಂದಳು. ಹೆಡ್‌ಮಾಸ್ತರರು ಗದರಲು ಬಾಯಿ ತೆರೆದರು. ನಾನು ಕೈಯೆತ್ತಿ ತಡೆದೆ. ಹಲಗೆಯ ಮೇಲೆ ‘ಹೌದು, ಒಳಗಿಂದು ಛಲೋ ಅದ’ ಎಂದು ಅವಳ ಮಾತಿನಲ್ಲೇ ಬರೆದೆ. ಮಕ್ಕಳು ಅದನ್ನೂ ಒಟ್ಟಾಗಿ ಓದಿದರು.

ಗಂಟೆ ಹೊಡೆದ ಮೇಲೆ ಹೆಡ್‌ಮಾಸ್ತರರು ಆಫೀಸಿನ ಕೆಲಸದ ಮಾತು ತೆಗೆಯಲಿಲ್ಲ. ವೇಳಾಪಟ್ಟಿಯಲ್ಲಿ ಕಂಪ್ಯೂಟರಿಗೆ ಯಾವ ಪಿರಿಯಡ್ ಬೇಕು ಎಂದು ಕೇಳಿದರು. ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇರಲಿ ಎಂದರು.

ದನಿ ಬಂದದ್ದು ಬಹಳ ನಿಧಾನವಾಗಿ. ಮಾತಿನ ಚಿಕಿತ್ಸೆ ಕೊಡುವವರು ಹೇಳಿಕೊಟ್ಟ ವ್ಯಾಯಾಮ ದಿನವೂ ಮಾಡುತ್ತಿದ್ದೆ. ಮೊದಲು ಒಂದು ಹೂಂಕಾರ, ಆಮೇಲೆ ಒಂದು ಪದ, ಆಮೇಲೆ ಸಣ್ಣ ವಾಕ್ಯ. ಇದು ಹಳೆಯ ದನಿಯಲ್ಲ. ತಗ್ಗಿನದು, ಸ್ವಲ್ಪ ಒಡಕು, ಸಂಜೆಯ ಹೊತ್ತಿಗೆ ದಣಿಯುತ್ತದೆ. ಮೊದಲ ಸಲ ಫೋನಿನಲ್ಲಿ ಮಾತನಾಡುವ ಧೈರ್ಯ ಬಂದಾಗ ಸ್ಟೇಶನ್ ಬಜಾರಿನ ಮೇಡಮ್ಮಿಗೆ ಫೋನು ಮಾಡಿ, ನಮಸ್ಕಾರ ಎಂದೆ. ಯಾರು ಮಾತನಾಡುವುದು ಎಂದು ಅವರು ಕೇಳಿದರು. ನಾನು ಯಾರೆಂದು ಹೇಳದೆ, ಆಟೋದವನ ಕಥೆ ಶುರು ಮಾಡಿದೆ. ಅರ್ಧ ವಾಕ್ಯಕ್ಕೇ ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

ಈಗ ತರಗತಿಯಲ್ಲಿ ಸ್ವಲ್ಪ ನಾನು ಮಾತನಾಡುತ್ತೇನೆ, ಸ್ವಲ್ಪ ಸ್ಪೀಕರು, ಉಳಿದದ್ದು ಮಕ್ಕಳು. ಶನಿವಾರ ಶಾಲೆ ಬಿಟ್ಟ ಮೇಲೆ ಕಮಲಾಪುರದ ಕೆಲವು ತಾಯಂದಿರು ಬರುತ್ತಾರೆ. ಅಂಗನವಾಡಿಯವರು, ಹೊಲಿಗೆಯವರು, ಮನೆಯ ಬಾಳೆತೋಟ ನೋಡಿಕೊಳ್ಳುವ ಒಬ್ಬರು. ಕೀಲಿ ಒತ್ತಿದರೆ ಏನಾದರೂ ಕೆಟ್ಟೀತೆಂದು ಎಲ್ಲರಿಗೂ ಮೊದಲು ಒಂದೇ ಭಯ. ಕೆಡುವುದಿಲ್ಲ, ಒತ್ತಿ ಎನ್ನುತ್ತೇನೆ.

ಮನೆಯಲ್ಲಿ ವ್ಯಾಯಾಮಕ್ಕೆ ಹೊಸದೊಂದು ದಾರಿ ಸಿಕ್ಕಿದೆ. ಮೈಕಿನಲ್ಲಿ ಮಾತನಾಡಿದರೆ ಅಕ್ಷರವಾಗಿ ಬರೆಯುವ ಸೌಲಭ್ಯ ಈಗ ಕನ್ನಡದಲ್ಲೂ ಇದೆಯಲ್ಲ. ಮುಂಜಾನೆ ಚಹಾ ಕುಡಿದು ಮೈಕಿನ ಮುಂದೆ ಕೂರುತ್ತೇನೆ. ನನ್ನ ಒಡಕು ದನಿ ಅದಕ್ಕೆ ಎಷ್ಟು ತಿಳಿಯಿತು ಎಂಬುದು ಪರದೆಯ ಮೇಲೆ ಕೂಡಲೇ ಕಾಣುತ್ತದೆ. ಶುರುವಿನಲ್ಲಿ ನಾನು ಹೇಳಿದ ರೊಟ್ಟಿ ಅಲ್ಲಿ ಬುಟ್ಟಿಯಾಗಿ ಬೀಳುತ್ತಿತ್ತು, ಕಮಲಾಪುರ ಯಾವುದೋ ಬೇರೆ ಊರಾಗುತ್ತಿತ್ತು. ಅತ್ತೆಗೆ ಇದು ಮುಂಜಾನೆಯ ಮೋಜು. ಪಕ್ಕದಲ್ಲಿ ಕುಳಿತು ತಪ್ಪು ಹುಡುಕುತ್ತಾರೆ.

ಮೊನ್ನೆ, ಬಸ್ಸಿಗೆ ಹೊರಡುವ ಮೊದಲು, ಉಸಿರು ತುಂಬಿಕೊಂಡು ಹೇಳಿದೆ: “ಇವತ್ತು ಮಕ್ಕಳಿಗೆ ಪ್ರಿಂಟರ್ ಪಾಠ ಇದೆ, ಸಂಜೆ ಸ್ವಲ್ಪ ತಡವಾಗಿ ಬರುತ್ತೇನೆ.” ಪರದೆಯ ಮೇಲೆ ಒಂದೊಂದೇ ಪದ ಮೂಡಿತು. ಅತ್ತೆ ಕನ್ನಡಕ ಸರಿಪಡಿಸಿಕೊಂಡು, ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿದರು. ಇನ್ನೊಮ್ಮೆ ಓದಿದರು. ಒಂದೂ ತಪ್ಪು ಸಿಗಲಿಲ್ಲ.

“ತಡಾ ಆದ್ರ ಆಗಲಿ. ರೊಟ್ಟಿ ನಾ ಮಾಡಿಡ್ತೀನಿ” ಎಂದರು.